ಚವತಿಗೆ ಬೀಜ, ದೀಪಾವಳಿಗೆ ನಾಟಿ: ಪುಣೆಯ ಹಿತ್ತಿಲಲ್ಲಿ ಲೀಕ್

ಪುಣೆಯಲ್ಲಿ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳು ಶ್ರಾವಣದ ಒಂದು ಭಾನುವಾರ ಕೂಡಿದಾಗ ಕೈತೋಟದ ಬಗ್ಗೆ ಆಡಿದ ಮಾತುಗಳ ಬರಹ ರೂಪವಿದು.

ಬಂಧುಗಳೇ,

ಇಂದಿನ ಮಾತಿಗೆ ಲೀಕ್ ಎಂಬ ತರಕಾರಿಯನ್ನು ಆರಿಸಿಕೊಂಡಿದ್ದೇನೆಂದು ತಿಳಿದಾಗ ಇಲ್ಲಿಯೇ ಕುಳಿತಿರುವ ಹಿರಿಯರೊಬ್ಬರು, "ಉಳ್ಳಾಗಡ್ಡಿ ಸೀಮೆಯಿಂದ ಬಂದವರು ನೀವು, ಗಡ್ಡೆಯೇ ಕಟ್ಟದ ಉಳ್ಳಾಗಡ್ಡಿಯ ಬಗ್ಗೆ ಒಂದು ತಾಸು ಮಾತಾಡುತ್ತೀರಾ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನಾನು ಗದಗ ಕಡೆಯ ಎರೆಭೂಮಿಯವನು, ಅಗಿ, ಅಂದರೆ ಉಳ್ಳಾಗಡ್ಡಿ ಸಸಿ, ಹಚ್ಚುವ ದಿನಗಳಲ್ಲಿ ಶಾಲೆ ತಪ್ಪಿಸಿ ಹೊಲದಲ್ಲಿ ಕಳೆದವನು. ಆದರೆ ಅವರು ಕೊರತೆಯೆಂದು ಎತ್ತಿ ತೋರಿಸಿದ ಆ ಗುಣವೇ, ಅಂದರೆ ಗಡ್ಡೆ ಕಟ್ಟದಿರುವುದೇ, ಈ ಗಿಡವನ್ನು ಪುಣೆಯಲ್ಲಿ ಬೆಳೆಯಲು ದಾರಿ ಮಾಡಿಕೊಟ್ಟಿದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಉಳ್ಳಾಗಡ್ಡಿಯು ಹಗಲಿನ ಉದ್ದವನ್ನು ನೋಡಿಕೊಂಡು ಗಡ್ಡೆ ಕಟ್ಟುವ ಬೆಳೆ. ಯುರೋಪಿನ ಉತ್ತರ ಭಾಗದ ತಳಿಗಳಿಗೆ 14 ಗಂಟೆಗೂ ಹೆಚ್ಚಿನ ಹಗಲು ಬೇಕು. ಪುಣೆ ಇರುವುದು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಇಲ್ಲಿ ಜೂನ್ ತಿಂಗಳ ಅತಿ ದೀರ್ಘವಾದ ಹಗಲು ಸಹ 13 ಗಂಟೆ ಚಿಲ್ಲರೆ ಮಾತ್ರ. ವಿದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಟ್ಟ ಉಳ್ಳಾಗಡ್ಡಿ ಬೀಜವನ್ನು ಬಿತ್ತಿ, ತಿಂಗಳುಗಟ್ಟಲೆ ಬರೀ ಎಲೆಯ ತಪ್ಪಲನ್ನೇ ನೋಡುತ್ತ ಕುಳಿತವರು ಈ ಸಭೆಯಲ್ಲಿ ಒಬ್ಬಿಬ್ಬರಾದರೂ ಇರಬಹುದು. ಅವರ ಕೈಗುಣದಲ್ಲಿ ದೋಷವಿರಲಿಲ್ಲ, ಹಗಲು ಸಾಲಲಿಲ್ಲ. ನಮ್ಮ ಪುಣೆ ಜಿಲ್ಲೆಯ ರಾಜಗುರುನಗರದಲ್ಲಿಯೇ ಈರುಳ್ಳಿ ಮತ್ತು ಬೆಳ್ಳುಳ್ಳಿಗೆ ಮೀಸಲಾದ ಕೇಂದ್ರ ಸಂಶೋಧನಾ ಸಂಸ್ಥೆಯಿದ್ದು, ಅಲ್ಲಿಂದ ಹೊರಬಂದಿರುವ ಭೀಮಾ ಶಕ್ತಿ, ಭೀಮಾ ಕಿರಣ್ ಮುಂತಾದ ತಳಿಗಳು ನಮ್ಮ ಚಿಕ್ಕ ಹಗಲಿಗೆ ಒಗ್ಗಿದಂಥವು. ಲೀಕ್ ಈ ಲೆಕ್ಕಾಚಾರದಿಂದಲೇ ಹೊರಗಿದೆ. ಅದಕ್ಕೆ ಗಡ್ಡೆ ಕಟ್ಟುವ ಹಂಬಲವಿಲ್ಲವಾದ್ದರಿಂದ ಸ್ಕಾಟ್ಲೆಂಡಿನ ಮಸಲ್‌ಬರಾ ಎಂಬ ಹಳೆಯ ತಳಿಯೂ, ಅಮೆರಿಕನ್ ಫ್ಲ್ಯಾಗ್ ಎಂಬ ತಳಿಯೂ ಇಲ್ಲಿ ಬೆಳೆಯುತ್ತವೆ. ಅವಕ್ಕೆ ಬೇಕಾದದ್ದು ತಂಪು ಮತ್ತು ಕಾಲಾವಕಾಶ. ಪುಣೆಯಲ್ಲಿ ಎರಡನ್ನೂ ಒದಗಿಸಬಹುದು, ಆದರೆ ಬೀಜ ಹಾಕುವ ದಿನವನ್ನು ತಪ್ಪಿಸಬಾರದು. ಲೀಕ್ ಕೈಕೊಟ್ಟಿತು ಎನ್ನುವವರಲ್ಲಿ ಹೆಚ್ಚಿನವರು ಅದನ್ನು ತೋಟದಲ್ಲಿ ಕಳೆದುಕೊಂಡಿಲ್ಲ, ಬೀಜದಲ್ಲಿಯೇ ಕಳೆದುಕೊಂಡಿದ್ದಾರೆ ಎಂಬುದು ನನ್ನ ಅನುಭವ. ಆದ್ದರಿಂದ ಇಂದಿನ ಮಾತಿನ ಹೆಚ್ಚಿನ ಪಾಲು ಬೀಜಕ್ಕೂ ಸಸಿಗೂ ಮೀಸಲು.

ಮೊದಲು ಗಿಡದ ರಚನೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಇದರ ಸಸ್ಯಶಾಸ್ತ್ರೀಯ ಹೆಸರು ಆಲಿಯಂ ಆಂಪೆಲೊಪ್ರಾಸಮ್. ಆನೆ ಬೆಳ್ಳುಳ್ಳಿ ಎಂದು ಮಾರಾಟವಾಗುವ ದಪ್ಪ ಎಸಳಿನ ಬೆಳ್ಳುಳ್ಳಿಯೂ ನಿಜವಾಗಿ ಇದೇ ಜಾತಿಗೆ ಸೇರಿದ್ದು. ನಾವು ತಿನ್ನುವ ಬಿಳಿಯ ಭಾಗ ಕಾಂಡವಲ್ಲ. ಬಾಳೆಯ ಮರವನ್ನು ನೆನಪಿಸಿಕೊಳ್ಳಿ: ಹೊರಗೆ ಕಾಣುವ ಬೊಡ್ಡೆಯೆಲ್ಲ ಒಂದರೊಳಗೊಂದು ಸುತ್ತಿಕೊಂಡ ಎಲೆಗಳ ಬುಡ, ಗೊನೆ ಹಾಕುವ ಹೊತ್ತಿಗೆ ಮಾತ್ರ ನಡುವಿನಿಂದ ದಿಂಡು ಮೇಲೇರುತ್ತದೆ. ಲೀಕ್ ಕೂಡ ಹಾಗೆಯೇ. ಬೆಳಕು ಬೀಳದಷ್ಟು ಉದ್ದ ಬೆಳ್ಳಗೆ, ಮೃದುವಾಗಿ ಉಳಿಯುತ್ತದೆ, ಬೆಳಕು ಬಿದ್ದಲ್ಲಿ ಹಸಿರಾಗಿ ನಾರು ಕಟ್ಟುತ್ತದೆ. ತಳಿಯಿಂದ ತಳಿಗೆ ಸ್ವಲ್ಪ ವ್ಯತ್ಯಾಸವಿರುವುದು ನಿಜವಾದರೂ, ಬಿಳುಪು ಎಷ್ಟು ಉದ್ದ ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ನೀವು ಎಷ್ಟು ಆಳದಲ್ಲಿ ನೆಟ್ಟಿರಿ ಎಂಬುದೇ. ನಡುವಿನ ದಿಂಡಿನ ಮಾತಿಗೆ ಕೊನೆಯಲ್ಲಿ ಮರಳುತ್ತೇನೆ.

ಈಗ ನನ್ನ ತಪ್ಪುಗಳ ವಿಚಾರ. ಮೊದಲ ವರ್ಷ ನಾನು ಬೀಜದ ಪೊಟ್ಟಣದ ಹಿಂಬದಿಯಲ್ಲಿ ಅಚ್ಚಾಗಿದ್ದ ಸೂಚನೆಯನ್ನು ವೇದವಾಕ್ಯವೆಂದು ನಂಬಿ ಮಾರ್ಚ್ ತಿಂಗಳಲ್ಲಿ ಬಿತ್ತಿದೆ. ಆ ಸೂಚನೆ ಇಂಗ್ಲೆಂಡಿನ ಮಾರ್ಚಿಗೆ ಬರೆದದ್ದು. ಅಲ್ಲಿ ಆಗಷ್ಟೇ ಹಿಮ ಕರಗುತ್ತಿರುತ್ತದೆ, ನಮ್ಮಲ್ಲಿ ಹೋಳಿಯ ಬೂದಿ ಆರುವ ಮೊದಲೇ ಹಗಲಿನ ತಾಪ 36 ಡಿಗ್ರಿ ಮುಟ್ಟಿರುತ್ತದೆ. ಲೀಕ್ ಬೀಜಕ್ಕೆ ಹಿತವಾದದ್ದು 18 ರಿಂದ 24 ಡಿಗ್ರಿ, 27 ದಾಟಿದ ಮೇಲೆ ಮೊಳಕೆಯ ಪ್ರಮಾಣ ಕುಸಿಯತೊಡಗುತ್ತದೆ. ಒಂದು ಪೊಟ್ಟಣದಲ್ಲಿ ನನಗೆ ದಕ್ಕಿದ್ದು ಹನ್ನೊಂದು ಸಸಿಗಳು, ಮೃಗಶಿರಾ ಮಳೆ ಬೀಳುವ ಹೊತ್ತಿಗೆ ಅವೂ ಇರಲಿಲ್ಲ. ಉಳಿದ ಬೀಜವನ್ನು ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಮಾಡದಲ್ಲಿಟ್ಟು, ಮರುವರ್ಷ ಸರಿಯಾದ ಕಾಲದಲ್ಲಿಯೇ ಬಿತ್ತಿದೆ. ಒಂದೂ ಮೇಲೆ ಬರಲಿಲ್ಲ. ಆಗ ಅಂಗಡಿಯವನನ್ನು ಮನಸ್ಸಿನಲ್ಲಿಯೇ ಬೈದದ್ದುಂಟು, ತಪ್ಪು ನನ್ನದೆಂದು ತಿಳಿಯಲು ಇನ್ನೊಂದು ವರ್ಷ ಬೇಕಾಯಿತು.

ಉಳ್ಳಾಗಡ್ಡಿಯ ಕುಲದ ಬೀಜಗಳು ಅಲ್ಪಾಯುಷಿಗಳು. ಟೊಮೆಟೊ ಬೀಜ ನಾಲ್ಕೈದು ವರ್ಷ ಕಳೆದ ಮೇಲೂ ಮೊಳೆಯುತ್ತದೆ, ಲೀಕ್ ಬೀಜದ ಬಲ ಒಂದು ವರ್ಷಕ್ಕೇ ಕುಗ್ಗಲಾರಂಭಿಸಿ ಎರಡನೆಯ ವರ್ಷಕ್ಕೆ ನಂಬಲಾಗದಷ್ಟು ಇಳಿಯುತ್ತದೆ. ಅದರಲ್ಲಿಯೂ ಮಳೆಗಾಲದ ತೇವ ಮತ್ತು ಅಡುಗೆಮನೆಯ ಶಾಖ ಕೂಡಿದರೆ ಅಷ್ಟು ದಿನವೂ ಬಾಳುವುದಿಲ್ಲ. ಹೀಗಾಗಿ ಪೊಟ್ಟಣ ಕೊಳ್ಳುವಾಗ ಚಿತ್ರವನ್ನು ನೋಡುವುದಕ್ಕಿಂತ ಮೊದಲು ಪರೀಕ್ಷೆಯ ದಿನಾಂಕವನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಓದಬೇಕು. ಮನೆಗೆ ತಂದ ಮೇಲೆ ಬಿಗಿಯಾದ ಗಾಜಿನ ಶೀಶೆಯಲ್ಲಿ, ಔಷಧಿ ಡಬ್ಬಿಗಳಲ್ಲಿ ಸಿಗುವ ತೇವ ಹೀರುವ ಚೀಲದೊಂದಿಗೆ ಫ್ರಿಜ್ಜಿನಲ್ಲಿಡಬೇಕು. ಅನುಮಾನವಿದ್ದರೆ ಬಿತ್ತುವುದಕ್ಕೆ ಎರಡು ವಾರ ಮೊದಲು ಇಪ್ಪತ್ತು ಬೀಜಗಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ನೆರಳಿನಲ್ಲಿ ಇಟ್ಟು ಹನ್ನೆರಡನೆಯ ದಿನ ಬಿಚ್ಚಿ ನೋಡಿ. ಹದಿನಾಲ್ಕಕ್ಕೆ ಮೊಳಕೆ ಬಂದಿದ್ದರೆ ಧೈರ್ಯವಾಗಿ ಬಿತ್ತಬಹುದು, ಹತ್ತು ಬಂದಿದ್ದರೆ ದಟ್ಟವಾಗಿ ಬಿತ್ತಬೇಕು, ಅದಕ್ಕಿಂತ ಕಡಿಮೆಯಾದರೆ ಹೊಸ ಪೊಟ್ಟಣ ತರುವುದು ಜಾಣತನ.

ಬಿತ್ತುವ ಕಾಲವನ್ನು ನಾನು ಹಬ್ಬಗಳಿಂದ ಲೆಕ್ಕ ಹಾಕುತ್ತೇನೆ. ಗಣೇಶ ಚವತಿಯ ಆಸುಪಾಸಿನಲ್ಲಿ ಪುಣೆಯ ಆಕಾಶದಲ್ಲಿ ಇನ್ನೂ ಮೋಡವಿರುತ್ತದೆ, ಹಗಲು 28 ರಿಂದ 30 ಡಿಗ್ರಿ, ರಾತ್ರಿ 21ರ ಸುತ್ತಮುತ್ತ. ನೆರಳಿನಲ್ಲಿ ಇಟ್ಟ ತೇವದ ಮಣ್ಣು ಗಾಳಿಗಿಂತ ಎರಡು ಮೂರು ಡಿಗ್ರಿ ತಂಪಾಗಿಯೇ ಇರುವುದರಿಂದ ಬೀಜಕ್ಕೆ ಇದು ಒಗ್ಗುತ್ತದೆ. ಚವತಿಯಿಂದ ಬಲಿಪಾಡ್ಯಮಿಗೆ ಸಾಮಾನ್ಯವಾಗಿ ಎಂಟು ವಾರ. ಅಷ್ಟರಲ್ಲಿ ಸಸಿ ಒಂದು ಗೇಣು ಬೆಳೆದು ನಾಟಿಗೆ ಹತ್ತಿರವಾಗಿರುತ್ತದೆ, ರಾತ್ರಿಯ ಚಳಿಯೂ ಕಾಲಿಡುತ್ತದೆ. ನಡುವೆ ಅಧಿಕ ಮಾಸ ಬಂದರೆ ಲೆಕ್ಕ ಹಿಗ್ಗುತ್ತದೆ. 2020ರಲ್ಲಿ ಅಧಿಕ ಆಶ್ವಯುಜ ಬಂದು ಆಗಸ್ಟ್ 22ರ ಚವತಿಗೂ ನವೆಂಬರ್ 14ರ ದೀಪಾವಳಿಗೂ 84 ದಿನಗಳ ಅಂತರವಾಯಿತು. ಸಸಿಗಳು ಹನ್ನೆರಡು ವಾರ ಕುಂಡದಲ್ಲಿಯೇ ಕಾದವು, ನಿಜ ಹೇಳಬೇಕೆಂದರೆ ನನ್ನ ಅತ್ಯುತ್ತಮ ಬೆಳೆ ಆ ವರ್ಷದ್ದೇ. ಲೀಕ್ ಸಸಿ ಕುಂಡದಲ್ಲಿ ಹೆಚ್ಚು ದಿನ ಕಾಯುವುದನ್ನು ಸಹಿಸುತ್ತದೆ, ಎಳೆಯದಾಗಿಯೇ ಕಿತ್ತು ನೆಟ್ಟರೆ ಸಹಿಸುವುದಿಲ್ಲ.

ಬಿತ್ತನೆಗೆ ಕನಿಷ್ಠ ಆರು ಅಂಗುಲ ಆಳದ ಕುಂಡ ಬೇಕು. ಕುಂಡಕ್ಕೆ ಇಲ್ಲಿಯ ನರ್ಸರಿಗಳಲ್ಲಿ ಬಳಸುವ ಮರಾಠಿ ಹೆಸರನ್ನು ಕನ್ನಡಿಗರ ಸಭೆಯಲ್ಲಿ ನಾನು ಉಚ್ಚರಿಸಲಾರೆ, ನೀವೆಲ್ಲ ಪುಣೆಗೆ ಬಂದ ಹೊಸತರಲ್ಲಿ ಅದನ್ನು ಕೇಳಿ ತಬ್ಬಿಬ್ಬಾದವರೇ. ಸಸಿ ಬೆಳೆಸುವ ತಟ್ಟೆಯಾದ ಪ್ರೊ-ಟ್ರೇಯ ಪುಟ್ಟ ಕುಳಿಗಳು ಟೊಮೆಟೊ, ಮೆಣಸಿನಕಾಯಿಗೆ ಸರಿ, ಎರಡು ತಿಂಗಳು ಒಂದೇ ಕಡೆ ನಿಲ್ಲುವ ಲೀಕಿಗೆ ಅವು ಸಾಲವು. ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಎರೆಗೊಬ್ಬರ ಒಂದು ಪಾಲು, ಜರಡಿ ಹಿಡಿದ ಕೆಂಪು ಮಣ್ಣು ಒಂದು ಪಾಲು ಬೆರೆಸಿ ತುಂಬುತ್ತೇನೆ. ಕೋಕೋಪೀಟನ್ನು ತೊಳೆಯದೆ ಬಳಸಿದರೆ ಅದರಲ್ಲಿಯ ಉಪ್ಪು ಎಳೆಯ ಬೇರನ್ನು ಸುಡುತ್ತದೆ. ಒಂದು ಗ್ರಾಮಿನಲ್ಲಿ ಹೆಚ್ಚುಕಡಿಮೆ 350 ರಿಂದ 400 ಬೀಜಗಳಿರುತ್ತವೆ, ಒಂದು ಮನೆಗೆ ನಲವತ್ತು ಗಿಡ ಧಾರಾಳ. ಬೀಜಗಳನ್ನು ಒಂದು ಸೆಂಟಿಮೀಟರ್ ಅಂತರದಲ್ಲಿ ಉದುರಿಸಿ, ಮೇಲೆ ಒಂದು ಸೆಂಟಿಮೀಟರ್ ಮಣ್ಣು ಹೊದಿಸಿ, ಅಂಗೈಯಿಂದ ಹಗುರಾಗಿ ಒತ್ತಿ, ಪಿಚಕಾರಿಯಿಂದ ನೀರು ಸಿಂಪಡಿಸಿ, ಮೊಳಕೆ ಬರುವ ತನಕ ಗೋಣಿತಟ್ಟನ್ನು ಹೊದಿಸಿ.

ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಅದು ನೆಟ್ಟಗೆ ಮೇಲೇಳುವುದಿಲ್ಲ, ಹಸಿರು ದಾರವನ್ನು ಮಡಿಚಿ ಚುಚ್ಚಿದಂತೆ ಮೊಣಕಾಲು ಮೊದಲು ಹೊರಗೆ ಬರುತ್ತದೆ, ತುದಿ ಇನ್ನೂ ಮಣ್ಣಿನಲ್ಲಿಯೇ ಬೀಜಕ್ಕೆ ಅಂಟಿಕೊಂಡಿರುತ್ತದೆ. ಎರಡು ಮೂರು ದಿನಗಳಲ್ಲಿ ಅದು ನೆಟ್ಟಗಾಗಿ, ಕರಿಯ ಸಿಪ್ಪೆಯನ್ನು ಟೋಪಿಯಂತೆ ತಲೆಯ ಮೇಲೆ ಹೊತ್ತು ನಿಲ್ಲುತ್ತದೆ. ಈ ಟೋಪಿಯನ್ನು ತೆಗೆಯಲು ಮಕ್ಕಳ ಕೈ ತುರಿಸುತ್ತದೆ, ಬಿಡಬಾರದು. ಮೊಣಕಾಲು ಕಂಡ ದಿನವೇ ಗೋಣಿತಟ್ಟನ್ನು ತೆಗೆದು ಬೆಳಕಿಗೆ ತರಬೇಕು. ಒಂದು ದಿನ ತಡವಾದರೂ ಸಸಿ ಬಿಳಿಚಿಕೊಂಡು ಮಲಗುತ್ತದೆ. ಸೆಪ್ಟೆಂಬರಿನ ಮಳೆ ನೇರವಾಗಿ ಬೀಳದಂತೆ ಮೇಲೊಂದು ಮರೆ ಇರಲಿ, ಏಕೆಂದರೆ ನೀರು ನಿಂತ ಕುಂಡದಲ್ಲಿ ಬುಡ ಕೊಳೆತು ಸಸಿಗಳು ರಾತ್ರೋರಾತ್ರಿ ಬೀಳುತ್ತವೆ.

ಮಳೆ ಹಿಂದೆ ಸರಿದ ಮೇಲೆ ಬರುವ ಅಕ್ಟೋಬರಿನ ಸೆಕೆಯನ್ನು ಪುಣೆಯವರಿಗೆ ನಾನು ವರ್ಣಿಸಬೇಕಿಲ್ಲ. ಹಗಲು ಮತ್ತೆ 32 ಡಿಗ್ರಿಗೆ ಏರುವ ಆ ಮೂರು ನಾಲ್ಕು ವಾರಗಳು ಸಸಿಗೆ ಕಠಿಣ ಪರೀಕ್ಷೆ. ಬೆಳಗಿನ ಬಿಸಿಲು ಮಾತ್ರ ಸಿಗುವಂತೆ ಕುಂಡವನ್ನು ಪೂರ್ವ ದಿಕ್ಕಿನ ಗ್ಯಾಲರಿಗೆ ಸರಿಸಿ, ದಿನಕ್ಕೊಮ್ಮೆ ನೀರು ಕೊಟ್ಟು, ಹತ್ತು ದಿನಕ್ಕೊಮ್ಮೆ ತಿಳಿಯಾದ ಎರೆಜಲ ಹಾಕಿದರೆ ಸಾಕು. ಎಲೆಗಳು ಉದ್ದವಾಗಿ ಬಾಗಿ ನೆಲ ಮುಟ್ಟುತ್ತಿದ್ದರೆ ಕತ್ತರಿಯಿಂದ ತುದಿ ಕತ್ತರಿಸುವವರಿದ್ದಾರೆ. ನಾಟಿಯ ಹೊತ್ತಿಗೆ ಬೇರನ್ನೂ ಎಲೆಯನ್ನೂ ಕತ್ತರಿಸುವುದು ಹಳೆಯ ತೋಟಗಾರರ ರೂಢಿ. ನಾನು ಎರಡು ವರ್ಷ ಅರ್ಧ ಸಸಿಗಳನ್ನು ಕತ್ತರಿಸಿ, ಅರ್ಧವನ್ನು ಹಾಗೆಯೇ ಬಿಟ್ಟು ನೆಟ್ಟು ನೋಡಿದೆ. ಕತ್ತರಿಸದವೇ ಒಂದು ಕೈ ಮುಂದಿದ್ದವು. ತೂತಿನಲ್ಲಿ ಇಳಿಯದಷ್ಟು ಬೇರು ಉದ್ದವಾಗಿದ್ದರೆ ಮಾತ್ರ ತುದಿ ಕತ್ತರಿಸುತ್ತೇನೆ.

ನಾಟಿಯಲ್ಲಿ ಲೀಕ್ ತನ್ನ ದಾಯಾದಿಯಾದ ಉಳ್ಳಾಗಡ್ಡಿಯಿಂದ ಪೂರ್ತಿ ಬೇರೆ. ನಮ್ಮೂರಲ್ಲಿ ಅಗಿಯನ್ನು ಬೆರಳಿನಿಂದ ಮೇಲುಮೇಲೆ ಒತ್ತಿ ಹಚ್ಚುತ್ತಾರೆ, ಆಳ ಹೋದರೆ ಗಡ್ಡೆ ಕೆಡುತ್ತದೆ. ಲೀಕನ್ನು ಬೇಕೆಂದೇ ಹೂಳಬೇಕು. ಪೆನ್ಸಿಲಿನ ದಪ್ಪಕ್ಕೆ ಬಂದ, ಇಪ್ಪತ್ತು ಸೆಂಟಿಮೀಟರ್ ಉದ್ದದ ಸಸಿ ಸಿದ್ಧವಾಗಿದೆ ಎಂದು ತಿಳಿಯಿರಿ. ಮುರಿದ ಸಲಿಕೆಯ ಹಿಡಿಯೊಂದರ ತುದಿಯನ್ನು ಮೊನಚು ಮಾಡಿ, ಹದಿನೈದು ಸೆಂಟಿಮೀಟರಿಗೆ ಸುಣ್ಣದ ಗುರುತು ಹಾಕಿಕೊಂಡಿದ್ದೇನೆ. ಹಿಂದಿನ ದಿನ ನೆನೆಸಿದ ಮಡಿಯಲ್ಲಿ ಆ ಗುರುತಿನವರೆಗೆ ಗೂಟವನ್ನು ಇಳಿಸಿ, ತಿರುಗಿಸಿ, ಮೇಲೆತ್ತಿದರೆ ಅಚ್ಚುಕಟ್ಟಾದ ತೂತು ಉಳಿಯುತ್ತದೆ. ಅದರೊಳಗೆ ಸಸಿಯನ್ನು ಇಳಿಬಿಡಿ. ಮೇಲೆ ಎರಡು ಮೂರು ಅಂಗುಲ ಎಲೆ ಕಂಡರೆ ಸಾಕು. ಇಲ್ಲಿಯೇ ಎಲ್ಲರೂ ತಪ್ಪುವುದು: ತೂತನ್ನು ಮಣ್ಣಿನಿಂದ ಮುಚ್ಚಬೇಡಿ. ಚೊಂಬಿನಿಂದ ತೂತಿನ ತುಂಬ ನೀರು ಸುರಿಯಿರಿ, ಅಷ್ಟೇ. ನೀರಿನೊಂದಿಗೆ ಇಳಿದ ಹುಡಿಮಣ್ಣು ಬೇರನ್ನು ಹಿಡಿದುಕೊಳ್ಳುತ್ತದೆ, ಉಳಿದ ಖಾಲಿ ಜಾಗದಲ್ಲಿ ಬುಡ ದಪ್ಪವಾಗಲು ಅವಕಾಶವಿರುತ್ತದೆ, ಕತ್ತಲೆಯಿಂದ ಬಿಳುಪೂ ಬರುತ್ತದೆ. ಮುಂದಿನ ವಾರಗಳಲ್ಲಿ ನೀರು ಹಾಯಿಸಿದಂತೆಲ್ಲ ತೂತು ತಾನಾಗಿಯೇ ತುಂಬಿಕೊಳ್ಳುತ್ತದೆ. ನೆಟ್ಟ ಸಸಿ ಒಂದು ವಾರ ಸತ್ತಂತೆ ಕಾಣುವುದು ಸಹಜ. ಗಿಡದಿಂದ ಗಿಡಕ್ಕೆ ಹದಿನೈದು ಸೆಂಟಿಮೀಟರ್, ಸಾಲಿನಿಂದ ಸಾಲಿಗೆ ಒಂದು ಅಡಿ ಅಂತರವಿರಲಿ.

ಕೋಥ್ರೂಡ್ ಬಡಾವಣೆಯ ನಮ್ಮ ವಸತಿ ಸೊಸೈಟಿಯ ಹಿಂಬದಿಯಲ್ಲಿರುವುದು ಕಪ್ಪು ಮಣ್ಣು. ಈ ತೂತಿನ ಉಪಾಯ ಅದರಲ್ಲಿ ಮೊದಲು ಕೈಕೊಟ್ಟಿತು. ಎರೆಮಣ್ಣು ನೀರು ಕುಡಿದೊಡನೆ ಉಬ್ಬಿ ತೂತನ್ನು ನುಂಗಿಬಿಡುತ್ತದೆ, ಒಣಗಿದರೆ ಬಿರಿದು ಬೇರನ್ನು ಹರಿಯುತ್ತದೆ. ಗದಗದ ಹೊಲದಲ್ಲಿ ನಾನು ಹೆಮ್ಮೆಪಟ್ಟ ಮಣ್ಣೇ ಇಲ್ಲಿ ಅಡ್ಡಿಯಾಯಿತು. ಕೊನೆಗೆ ಮಡಿಯನ್ನು ಒಂದು ಗೇಣು ಎತ್ತರಿಸಿ, ಮರಳನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಸಮಸಮ ಬೆರೆಸಿದ ಮೇಲೆ ಹದಕ್ಕೆ ಬಂತು.

ನೆಲವಿಲ್ಲದವರು, ಅಂದರೆ ನಿಮ್ಮಲ್ಲಿ ಮುಕ್ಕಾಲು ಮಂದಿ, ಒಂದಡಿಗಿಂತ ಆಳವಾದ ಗ್ರೋ ಬ್ಯಾಗ್ ಬಳಸಬಹುದು. ಚೀಲದ ಅಂಚನ್ನು ಹೊರಕ್ಕೆ ಮಡಿಚಿ, ಅರ್ಧದಷ್ಟು ಮಾತ್ರ ಮಣ್ಣು ತುಂಬಿ, ಐದಾರು ಸಸಿಗಳನ್ನು ನೆಟ್ಟು, ಅವು ಬೆಳೆದಂತೆ ಅಂಚನ್ನು ಬಿಚ್ಚುತ್ತ ಮಣ್ಣನ್ನು ಏರಿಸುತ್ತ ಹೋದರೆ ಬಿಳುಪು ಮಡಿಯಲ್ಲಿ ಬೆಳೆದಷ್ಟೇ ಉದ್ದ ಬರುತ್ತದೆ. ಎಲೆಗಳು ಕವಲೊಡೆಯುವ ಸಂದಿಗೆ ಮಣ್ಣು ಬೀಳದಂತೆ ಮಾತ್ರ ನೋಡಿಕೊಳ್ಳಬೇಕು. ಅಲ್ಲಿ ಸೇರಿದ ಮಣ್ಣು ಎಲೆಯ ಪದರಗಳೊಳಗೆ ಇಳಿದು ಅಡುಗೆಯಲ್ಲಿ ಹಲ್ಲಿಗೆ ಸಿಗುತ್ತದೆ. ಗ್ಯಾಲರಿಯ ಸ್ಲ್ಯಾಬಿನ ಮೇಲೆ ಒದ್ದೆ ಚೀಲಗಳ ಭಾರ ಎಷ್ಟಾಗುತ್ತದೆಂದು ಯೋಚಿಸಿ ಇಡಿ.

ನಾಟಿಯ ನಂತರದ ಆರೈಕೆ ಸರಳ. ಲೀಕಿನ ಬೇರು ಆಳಕ್ಕೆ ಹೋಗುವುದಿಲ್ಲವಾದ್ದರಿಂದ ಮೇಲ್ಮಣ್ಣು ಒಣಗಲು ಬಿಡಬಾರದು, ಕಳೆಯನ್ನು ಖುರ್ಪಿಯಿಂದ ಹಗುರಾಗಿ ತೆಗೆಯಬೇಕು, ಮೂರು ವಾರಕ್ಕೊಮ್ಮೆ ಎರೆಗೊಬ್ಬರ ಕೊಡಬೇಕು. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್ನಿನ ಪುಷ್ಪ ಪ್ರದರ್ಶನಕ್ಕೆ ಹೋಗುವವರು, ಆ ಹೊತ್ತಿಗೆ ತಮ್ಮ ಗಿಡ ಹೆಬ್ಬೆರಳಿನ ದಪ್ಪಕ್ಕೆ ಬಂದಿದೆಯೇ ಎಂದು ನೋಡಿಕೊಂಡರೆ ಬೆಳೆ ದಾರಿಯಲ್ಲಿದೆಯೋ ಇಲ್ಲವೋ ತಿಳಿಯುತ್ತದೆ.

ತೊಂದರೆ ಕೊಡುವುದು ಮುಖ್ಯವಾಗಿ ಥ್ರಿಪ್ಸ್ ನುಸಿ. ಉಳ್ಳಾಗಡ್ಡಿ ಬೆಳೆಗಾರರ ಹಳೆಯ ವೈರಿಯೇ ಇದು. ಎಲೆಯ ಮೇಲೆ ಬೆಳ್ಳಿಯ ಗೀರುಗಳಂತೆ ಕಾಣುತ್ತದೆ, ಎಳೆಯ ಎಲೆಗಳ ಸಂದಿಯಲ್ಲಿ ಅಡಗಿ ರಸ ಹೀರುತ್ತದೆ. ಚಳಿ ಕಡಿಮೆಯಾಗಿ ಒಣಹವೆ ಹೆಚ್ಚುವ ಫೆಬ್ರವರಿಯಲ್ಲಿ ಇದರ ಹಾವಳಿ ಜಾಸ್ತಿ. ನೀಲಿ ಬಣ್ಣದ ಅಂಟುಹಾಳೆಗೆ ಇವು ಆಕರ್ಷಿತವಾಗುತ್ತವೆ. ಲೀಟರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆಯನ್ನು ತುಸು ಸೋಪಿನ ನೀರಿನಲ್ಲಿ ಕದಡಿ ಸಂಜೆಯ ಹೊತ್ತು ಸಂದಿಗಳಿಗೆ ತಲುಪುವಂತೆ ಸಿಂಪಡಿಸಿದರೆ ಮನೆಯ ಮಟ್ಟಿಗೆ ಹತೋಟಿಗೆ ಬರುತ್ತದೆ. ಅಕಾಲಿಕ ಮಳೆ ಬಿದ್ದ ವರ್ಷ ಎಲೆಗಳ ಮೇಲೆ ನೇರಳೆ ಅಂಚಿನ ಚುಕ್ಕೆಗಳು ಮೂಡಬಹುದು. ಅದು ಶಿಲೀಂಧ್ರದ ರೋಗ, ಅಂಥ ಎಲೆಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕದೆ ಹೊರಗೆ ಎಸೆಯಿರಿ.

ಮುಂಬಯಿಯಿಂದ ಬಂದಿರುವ ಸ್ನೇಹಿತರು ತಮ್ಮಲ್ಲಿ ಆಗುತ್ತದೆಯೇ ಎಂದು ಆಗಲೇ ಕೇಳಿದ್ದರು. ಪುಣೆಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 11, 12 ಡಿಗ್ರಿಗೆ ಇಳಿಯುತ್ತವೆ, ಮುಂಬಯಿಯಲ್ಲಿ 16, 17ಕ್ಕೆ ನಿಲ್ಲುತ್ತವೆ, ಸಮುದ್ರದ ತೇವ ಬೇರೆ. ಗೋವೆಯ ಕರಾವಳಿಯಲ್ಲಿಯೂ ಇದೇ ಕಥೆ. ಅಲ್ಲಿ ದಪ್ಪನೆಯ ಲೀಕಿಗಾಗಿ ಹಟ ಹಿಡಿಯುವುದು ವ್ಯರ್ಥವೆಂದು ನನ್ನ ಅಭಿಪ್ರಾಯ. ಅಕ್ಟೋಬರ್ ಕೊನೆಗೆ ಬಿತ್ತಿ, ಅಂತರ ಅರ್ಧಕ್ಕಿಳಿಸಿ, ಕಿರುಬೆರಳಿನ ದಪ್ಪಕ್ಕೇ ಕಿತ್ತು ತಿಂದರೆ ರುಚಿಗೇನೂ ಕೊರತೆಯಿಲ್ಲ.

ನಾಟಿ ಮಾಡಿದ ನೂರರಿಂದ ನೂರಿಪ್ಪತ್ತು ದಿನಗಳಿಗೆ ಕೊಯ್ಲು. ವೇಲ್ಸ್ ದೇಶದವರಿಗೆ ಲೀಕ್ ರಾಷ್ಟ್ರಲಾಂಛನ, ಮಾರ್ಚ್ 1ರ ಸಂತ ಡೇವಿಡರ ದಿನ ಅದನ್ನು ಉಡುಪಿಗೆ ಸಿಕ್ಕಿಸಿಕೊಳ್ಳುತ್ತಾರೆ. ನನ್ನ ಮಡಿ ಖಾಲಿಯಾಗುವುದೂ ಹೆಚ್ಚುಕಡಿಮೆ ಅದೇ ವಾರ, ಏಕೆಂದರೆ ಆಮೇಲಿನ ಬಿಸಿಲಿಗೆ ಅದು ನಾರಾಗುತ್ತದೆ. ಕೈಯಿಂದ ಎಳೆದರೆ ಬುಡ ತುಂಡಾಗುತ್ತದೆ, ಪಕ್ಕದಲ್ಲಿ ಸಲಿಕೆ ಹಾಕಿ ಮಣ್ಣನ್ನು ಸಡಿಲಿಸಿ ಎತ್ತಬೇಕು. ಉದ್ದಕ್ಕೆ ಸೀಳಿ, ಪದರ ಬಿಡಿಸಿ ತೊಳೆಯಬೇಕು. ನಮ್ಮ ಮನೆಯಲ್ಲಿ ಇದರ ಹಸಿರು ಭಾಗವನ್ನು ಉಳ್ಳಾಗಡ್ಡಿ ತಪ್ಪಲಿನಂತೆ ಹೆಚ್ಚಿ ಕಡಲೆಹಿಟ್ಟಿನ ಜುಣಕ ಮಾಡುತ್ತಾರೆ. ಪಕ್ಕದ ಮನೆಯ ಮರಾಠಿ ಕಾಕೂ ಅದನ್ನೇ ಝುಣಕಾ ಎಂದು ಜೋಳದ ಭಾಕರಿಯ ಜೊತೆಗೆ ಬಡಿಸುತ್ತಾರೆ, ಹೆಸರಿನಲ್ಲಿಯೂ ಜಗಳವಿಲ್ಲ. ಬಿಳಿಯ ಭಾಗವನ್ನು ಸಣ್ಣ ಉರಿಯಲ್ಲಿ ತುಪ್ಪದಲ್ಲಿ ನಿಧಾನವಾಗಿ ಬಾಡಿಸಬೇಕು, ಕೆಂಪಗೆ ಹುರಿದರೆ ಕಹಿಯಾಗುತ್ತದೆ.

ಮನೆಯಲ್ಲಿಯೇ ಬೀಜ ಮಾಡಿಕೊಳ್ಳಬಹುದೇ ಎಂಬುದು ಉಳಿದ ಪ್ರಶ್ನೆ. ಲೀಕ್ ಎರಡು ವರ್ಷದ ಬಾಳಿನ ಗಿಡ. ಹಲವು ವಾರಗಳ ಗಟ್ಟಿ ಚಳಿಯನ್ನು ಅನುಭವಿಸಿದ ಮೇಲಷ್ಟೇ ಅದರ ನಡುವಿನಿಂದ ಹೂವಿನ ದಿಂಡು ಏಳುತ್ತದೆ. ಪುಣೆಯ ಚಳಿ ಅಷ್ಟಕ್ಕೆ ಸಾಲುವುದಿಲ್ಲ. ಎರಡು ಗಿಡಗಳನ್ನು ಕೀಳದೆ ಬಿಟ್ಟು ನೋಡಿದ್ದೇನೆ, ಮೇ ತಿಂಗಳಿಗೆ ಒಣಗಿದವೇ ಹೊರತು ಹೂ ಬಿಡಲಿಲ್ಲ. ಹೀಗಾಗಿ ಪ್ರತಿವರ್ಷ ಹೊಸ ಬೀಜ ಕೊಳ್ಳುವುದು ಅನಿವಾರ್ಯ.

ಈ ವರ್ಷದ ಪೊಟ್ಟಣವನ್ನು ಹೋದ ವಾರವೇ ತರಿಸಿ, ಒದ್ದೆ ಬಟ್ಟೆಯಲ್ಲಿ ಪರೀಕ್ಷಿಸಲು ಇಟ್ಟಿದ್ದೇನೆ. ಇಂದಿಗೆ ಎಂಟನೆಯ ದಿನ, ಬೆಳಿಗ್ಗೆ ಬಿಚ್ಚಿ ನೋಡಿದಾಗ ಇಪ್ಪತ್ತರಲ್ಲಿ ಒಂಬತ್ತಕ್ಕೆ ಮೊಳಕೆಯಿತ್ತು. ಹೊರಡುವ ಮುನ್ನ ಬಾಗಿಲ ಬಳಿಯ ಮೇಜಿನಿಂದ ಮನೆಗೊಂದರಂತೆ ಕಾಗದದ ಪುಡಿಕೆಯನ್ನು ತೆಗೆದುಕೊಳ್ಳಿ, ಒಂದೊಂದರಲ್ಲಿಯೂ ಐವತ್ತು ಬೀಜಗಳಿವೆ. ಚವತಿಗೆ ಇನ್ನೂ ಮೂರು ವಾರವಿದೆ, ಅಲ್ಲಿಯವರೆಗೆ ದಯವಿಟ್ಟು ಅಡುಗೆಮನೆಯ ಮಾಡದಲ್ಲಿ ಇಡಬೇಡಿ.